ಖಾಲಿ ಎಂದು ಬರೆದ ಕ್ಯಾಸೆಟ್ಟು

ವಿಲ್ಗಾರದ ಪ್ರಾಥಮಿಕ ಶಾಲೆಯ ಕಸದ ಬಗ್ಗೆ ಡಲ್ಸಿ ಪೆಂಡರಳಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಆ ಶಾಲೆಯನ್ನು ಗುಡಿಸಿ ಒರೆಸಿದವಳು ಅವಳು. ಯಾವ ತರಗತಿಯ ಮಕ್ಕಳು ತಿಂದು ಬಿಟ್ಟ ಸೇಬನ್ನು ಬೆಂಚಿನ ಕೆಳಗೆ ತುರುಕುತ್ತಾರೆ, ಯಾವ ಮೇಷ್ಟ್ರು ಅರ್ಧ ಬರೆದ ಹಾಳೆಯನ್ನು ಉಂಡೆ ಮಾಡಿ ಎಸೆಯುತ್ತಾರೆ, ಯಾವ ಮನೆಯವರು ಮಗುವಿನ ಬುತ್ತಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತುತ್ತಾರೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. "ಮನುಷ್ಯನ್ನ ತಿಳ್ಕೋಬೇಕು ಅಂದ್ರೆ ಮುಖ ನೋಡ್ಬೇಡ, ಕಸದ ಬುಟ್ಟಿ ನೋಡು" ಅನ್ನುತ್ತಿದ್ದಳು. ಈ ಮಾತು ಕೇಳಿದ ಮೇಲೆ ಊರಿನ ಎಷ್ಟೋ ಮಂದಿ ತಮ್ಮ ಬುಟ್ಟಿಗೆ ಮುಚ್ಚಳ ಕೊಂಡು ತಂದರು.

ಅದೇ ಶಾಲೆ ಅವಳನ್ನು ಆರು ವರ್ಷದವಳಿದ್ದಾಗ ಮೂರನೆಯ ದಿನವೇ ಮನೆಗೆ ಅಟ್ಟಿತ್ತು. ಬಿಳಿಯ ಮಕ್ಕಳ ಅಪ್ಪಂದಿರು ಒಂದು ಅರ್ಜಿ ಬರೆದು ಸಾಲಾಗಿ ಸಹಿ ಹಾಕಿದ್ದರು: ಹೊಳೆಯಂಚಿನ ಕೇರಿಯ ಮಕ್ಕಳು ನಮ್ಮ ಮಕ್ಕಳ ಪಕ್ಕ ಕೂರುವುದು ಬೇಡ. ಆ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಡಲ್ಸಿ ಒಗೆದು ಇಸ್ತ್ರಿ ಮಾಡಿದ ಲಂಗದಲ್ಲೇ ವಾಪಸ್ಸು ನಡೆದಳು. ಮುಂದೆ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ, ಕುರಿಯ ತುಪ್ಪಟ ಕತ್ತರಿಸುವ ಕೊಟ್ಟಿಗೆಗಳಲ್ಲಿ ಅಡುಗೆ, ಆಸ್ಪತ್ರೆಯ ಬಟ್ಟೆ ಒಗೆತ, ಎಲ್ಲ ಮುಗಿಸಿ ಕೊನೆಗೆ ಪೊರಕೆ ಹಿಡಿದು ಅಲ್ಲಿಗೇ ಬಂದಳು. ದಾಟಬೇಡ ಎಂದ ಹೊಸ್ತಿಲನ್ನೇ ಇಪ್ಪತ್ತಮೂರು ವರ್ಷ ಒರೆಸಿದಳು ಎಂದರೆ ಕೇಳುವವರಿಗೆ ಕರುಳು ಚುರುಕ್ಕೆನ್ನಬಹುದು. ಅವಳಿಗೆ ಮಾತ್ರ ಅದು ಸಂಬಳದ ಕೆಲಸ, ಅಷ್ಟೆ. ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಈಗ ಅವಳಿಗೆ ಅರವತ್ತೆಂಟು. ಊರೆಲ್ಲ ಅವಳನ್ನು ಆಂಟಿ ಡಲ್ಸಿ ಅನ್ನುತ್ತದೆ. ಬಿಳಿಯರು ಬರುವ ಮೊದಲೇ ಆ ನೆಲದಲ್ಲಿದ್ದ ಅವಳ ವಿರಾಡ್ಜುರಿ ಜನರಲ್ಲಿ ಆ ಹೆಸರು ತಲೆ ನರೆತವರಿಗೆಲ್ಲ ಬಿಟ್ಟಿ ಸಿಗುವುದಿಲ್ಲ. ಹತ್ತು ಜನರ ಮಕ್ಕಳನ್ನು ತನ್ನವೆಂದು ಬೈದು, ಹತ್ತು ಸಾವಿನ ಮನೆಗಳಲ್ಲಿ ಒಲೆ ಹೊತ್ತಿಸಿ, ಆಮೇಲೆ ಸಿಗುವಂಥದು.

ಅವಳ ಕೈಯ ಇನ್ನೊಂದು ವಿದ್ಯೆ ಹೆಣಿಗೆ. ಹೊಳೆಯಂಚಿನ ಹುಲ್ಲನ್ನು ನೆನೆಸಿ, ಸೀಳಿ, ಸುರುಳಿ ಸುತ್ತಿ ಬುಟ್ಟಿ ಹೆಣೆಯುವುದನ್ನು ಅವಳ ಅಮ್ಮ ಕಲಿಸಿದ್ದಳು. ಹೊಳೆಯಂಚಿಗೆಲ್ಲ ಬೇಲಿ ಬಿದ್ದು ಹುಲ್ಲು ಸಿಗದಂತಾದಾಗ ಡಲ್ಸಿ ಕಸಕ್ಕೆ ಕೈ ಹಾಕಿದಳು. ಬ್ರೆಡ್ಡಿನ ಚೀಲ, ಹುಲ್ಲಿನ ಪಿಂಡಿ ಕಟ್ಟುವ ಕಿತ್ತಳೆ ಬಣ್ಣದ ಹುರಿ, ಹರಿದ ಚೆಂಡಿನ ಬಲೆ, ಏನು ಸಿಕ್ಕರೂ ಹೆಣೆದಳು. ಕಸದಿಂದ ರಸ ಎಂದು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ, ಅವಳು ಕೈಯಲ್ಲಿ ಮಾಡಿ ತೋರಿಸುತ್ತಿದ್ದಳು.

ಇದು ಟ್ರೂಡಿ ಬ್ಲೆಂಕಾರ್ನಳ ಕಣ್ಣಿಗೆ ಬೀಳದಿರಲು ಸಾಧ್ಯವೇ ಇರಲಿಲ್ಲ. ಟ್ರೂಡಿ ಶಾಲೆಯ ಪೋಷಕರ ಸಂಘದ ಅಧ್ಯಕ್ಷೆ. ಗಂಡನ ಮನೆಯವರದು ಊರಾಚೆ ಗೋಧಿ ಹೊಲ, ಅವಳು ಮಾತ್ರ ದೂರದ ಪಟ್ಟಣದಿಂದ ಮದುವೆಯಾಗಿ ಬಂದವಳು. ಮೊಸರಿನ ಡಬ್ಬಿಯನ್ನು ತೊಳೆದು ಒರೆಸಿ ಬಿಸಿಲಿಗಿಟ್ಟು ಆಮೇಲೆ ಮರುಬಳಕೆಯ ತೊಟ್ಟಿಗೆ ಹಾಕುವ ಜಾತಿ. ಅವಳ ಮನೆಗೆ ಚಹಾಕ್ಕೆ ಹೋದವರು ಲೋಟ ಎತ್ತಿಡಲು ಹೆದರುತ್ತಾರೆ, ಎಲ್ಲಿ ಯಾವ ತೊಟ್ಟಿಗೆ ಯಾವುದು ಎಂದು ಪಾಠ ಶುರುವಾಗುತ್ತದೋ ಎಂದು. ಒಳ್ಳೆಯವಳು, ಬಾಯಿಗೆ ಮಾತ್ರ ವಿರಾಮವಿಲ್ಲ.

ಮೇ ಕೊನೆಗೆ, ಅಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಸಮನ್ವಯದ ವಾರ ಬರುತ್ತದೆ. ಮೊದಲಿದ್ದ ಜನರಿಗೂ ಆಮೇಲೆ ಬಂದು ಕೂತವರಿಗೂ ನಡುವೆ ಆದದ್ದನ್ನು ನೆನೆದು, ಇನ್ನಾದರೂ ಸರಿಯಾಗಿ ಬದುಕೋಣ ಎಂದುಕೊಳ್ಳುವ ವಾರ. ಬೇರೆ ವರ್ಷ ಶಾಲೆಯಲ್ಲಿ ಒಂದು ಭಾಷಣ, ಒಂದು ಬಣ್ಣದ ಚಿತ್ರ, ಆಮೇಲೆ ಸಾಸೇಜು ಸುಟ್ಟು ತಿಂದು ಮನೆಗೆ. ಈ ಸಲ ಟ್ರೂಡಿ ಹೊಸದೊಂದು ಹೊರಡಿಸಿದಳು.

"ಆಂಟಿ ಡಲ್ಸಿ, ನೀವು ಹೇಳ್ಕೊಡಿ, ನಾವೆಲ್ಲ ಮನೆಯವರು ಸೇರಿ ಒಂದು ದೊಡ್ಡ ಚಾಪೆ ಹೆಣೀತೀವಿ. ಎಲ್ಲಾ ಕಸದಿಂದಾನೇ. ಶುಕ್ರವಾರ ಸಭೆಯಲ್ಲಿ ಅದರ ಮೇಲೆ ಮಕ್ಕಳು ಕೂರ್ತಾರೆ. ಎಲ್ಲಾ ಮಕ್ಕಳು, ಒಟ್ಟಿಗೆ."

ಡಲ್ಸಿ ಅವಳನ್ನು ಒಂದು ಗಳಿಗೆ ನೋಡಿದಳು. ಎಲ್ಲ ಮಕ್ಕಳು ಒಟ್ಟಿಗೆ ಎಂಬ ಮಾತು ಟ್ರೂಡಿಗೆ ಬರೀ ಮಾತು. ಡಲ್ಸಿಗೆ ಅದು ಅರವತ್ತೆರಡು ವರ್ಷದ ಹಿಂದಿನ ಲಂಗ.

"ಸರಿ. ಆದ್ರೆ ನೀನು ಬಾಯಿಗಿಂತ ಕೈ ಜಾಸ್ತಿ ಆಡಿಸ್ಬೇಕು ಕಣೇ" ಅಂದಳು.

ಹೆಣೆಯಲು ಹಳೆಯ ಕ್ಯಾಸೆಟ್ಟುಗಳ ಕಪ್ಪು ಪಟ್ಟಿ ತರಿಸೋಣ ಎಂದದ್ದು ಡಲ್ಸಿಯೇ. ಕಿತ್ತಳೆ ಹುರಿಯ ಮೇಲೆ ಆ ಹೊಳೆಯುವ ಪಟ್ಟಿ ಸುತ್ತಿದರೆ ಹಾವುಮೀನಿನ ಮೈ ಹಾಗೆ ಕಾಣುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಈಗ ಕ್ಯಾಸೆಟ್ಟು ಕೇಳುವವರು ಯಾರು? ಮನೆಮನೆಗೆ ಚೀಟಿ ಹೋಯಿತು. ವಾರದಲ್ಲಿ ಶಾಲೆಯ ಸಭಾಂಗಣದ ಮೂಲೆಯಲ್ಲಿ ಗುಡ್ಡೆ ಬಿತ್ತು. ಕುದುರೆ ಸವಾರರ ಹಾಡು, ಹಬ್ಬದ ಹಾಡು, ಹದಿನೈದು ದಿನದಲ್ಲಿ ತೂಕ ಇಳಿಸುವ ಉಪದೇಶ. ಅಪ್ಪ ಅಮ್ಮಂದಿರು ಸಂಜೆ ಬಂದು ನೆಲದ ಮೇಲೆ ಕೂತು ಪಟ್ಟಿ ಎಳೆದರು, ಉಂಡೆ ಸುತ್ತಿದರು, ಹೆಣೆದರು. ಟ್ರ್ಯಾಕ್ಟರು ಓಡಿಸುವ ದಪ್ಪ ಬೆರಳುಗಳಿಗೆ ಮೊದಲ ದಿನ ಒಂದು ಸುತ್ತೂ ಬರಲಿಲ್ಲ. ಡಲ್ಸಿ ಯಾರನ್ನೂ ಬಿಡಲಿಲ್ಲ, ಬಿಚ್ಚಿಸಿ ಬಿಚ್ಚಿಸಿ ಕಲಿಸಿದಳು. ಗುರುವಾರದ ಹೊತ್ತಿಗೆ ಚಾಪೆ ನಾಲ್ಕು ಮಾರು ಅಗಲವಾಗಿತ್ತು.

ಆ ಗುರುವಾರ ಬೆಳಿಗ್ಗೆ, ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಕೂತಿದ್ದ ಹೊತ್ತು, ಡಲ್ಸಿ ಇನ್ನಷ್ಟು ಹುರಿ ತರಲೆಂದು ಮನೆಯ ಹಿಂದಿನ ಶೆಡ್ಡಿಗೆ ಹೋದಳು. ಮೇಲಿನ ಹಲಗೆಯ ಮೇಲೆ ಬಿಸ್ಕತ್ತಿನ ಡಬ್ಬ ಇರಲಿಲ್ಲ. ಡಬ್ಬದ ತಳದ ದುಂಡನೆಯ ಗುರುತು ಮಾತ್ರ ಧೂಳಿನಲ್ಲಿ ಉಳಿದಿತ್ತು.

ಅಡುಗೆಮನೆಗೆ ಬಂದಳು. ಮಗಳು ರೊಶೆಲ್, ಏಳು ವರ್ಷದ ಮೊಮ್ಮಗಳು ತಾರ್ನಿಗೆ ಜಡೆ ಹಾಕುತ್ತಿದ್ದಳು.

"ಶೆಡ್ಡಲ್ಲಿದ್ದ ಬಿಸ್ಕತ್ ಡಬ್ಬ ಎಲ್ಲೇ?"

"ಆ ಕ್ಯಾಸೆಟ್ ಡಬ್ಬಾನಾ? ಹೋದ ವಾರಾನೇ ಶಾಲೆಗೆ ಕೊಟ್ನಲ್ಲಮ್ಮ. ಊರವರ ಮನೆಯಿಂದೆಲ್ಲಾ ತರಿಸ್ತೀಯ, ನಮ್ಮನೇದೇ ಕೊಡ್ದೆ ಇದ್ರೆ ಚೆನ್ನಾಗಿರುತ್ತಾ?"

"ಅದರಲ್ಲಿ ಒಂದ್ರ ಮೇಲೆ ಖಾಲಿ ಅಂತ ಬರೆದಿತ್ತು."

"ಹೌದು, ಇತ್ತು. ಖಾಲಿ ತಾನೇ?"

"ಖಾಲಿ ಅಲ್ಲ ಕಣೇ. ಅದರಲ್ಲಿ ನಿಮ್ಮಜ್ಜಿ ಇದ್ಲು."

ರೊಶೆಲಳ ಕೈಯಿಂದ ಜಡೆ ಬಿಟ್ಟುಹೋಯಿತು. "ಮತ್ತೆ ಖಾಲಿ ಅಂತ ಯಾರು ಬರೆದಿದ್ದು?"

"ನಾನೇ."

ಹೊರಗಿನವರಿಗೆ ಇದು ಹುಚ್ಚುತನ. ಆ ಮನೆತನದಲ್ಲಿ ಅಲ್ಲ. ಸತ್ತವರ ಹೆಸರನ್ನು ಅವರು ಬಾಯಲ್ಲಿ ಎತ್ತುವುದಿಲ್ಲ, ಬರೆಯುವುದಿಲ್ಲ. ಫೋಟೊ ಗೋಡೆಗೆ ಮುಖ ತಿರುಗಿಸಿ ನಿಲ್ಲುತ್ತದೆ. ದನಿಯಿದ್ದರೆ ಅದನ್ನು ಕೇಳಿಸುವುದಿಲ್ಲ. ಹೋದವರು ನೆಮ್ಮದಿಯಾಗಿ ಹೋಗಲಿ, ನಾವು ಕರೆಕರೆದು ತಡೆಯುವುದು ಬೇಡ ಎಂಬುದು ಅದರ ಅರ್ಥ. ಎಷ್ಟು ದಿನ ಎಂದರೆ, ಮನೆಯ ಹಿರಿಯರು ಇನ್ನು ಸಾಕು ಅನ್ನುವವರೆಗೆ. ಈಗ ಎಷ್ಟೋ ಮನೆಗಳಲ್ಲಿ ಇದು ಸಡಿಲಾಗಿದೆ, ಪೆಂಡರರ ಮನೆಯಲ್ಲಿ ಆಗಿಲ್ಲ. ಮೂವತ್ತೆರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಮನೆ ತುಂಬ ನೆಂಟರು, ಅವರ ಮಕ್ಕಳು, ಸಿಕ್ಕಿದ ಕ್ಯಾಸೆಟ್ಟು ತುರುಕಿ ಗುಂಡಿ ಒತ್ತುವ ವಯಸ್ಸಿನವು. ಅಮ್ಮನ ದನಿ ಇದ್ದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅಣ್ಣ ಹೊಸ ಯಂತ್ರ ತಂದ ಹುರುಪಿನಲ್ಲಿ ಜಗಲಿಯ ಮೇಲೆ ಹಿಡಿದದ್ದು. ಹೆಸರು ಬರೆಯುವಂತಿಲ್ಲ, ಬರೆಯದಿದ್ದರೆ ಯಾರಾದರೂ ಹಾಕಿಬಿಡುತ್ತಾರೆ. ಡಲ್ಸಿ ಪೆನ್ನು ತೆಗೆದುಕೊಂಡು ಖಾಲಿ ಎಂದು ಬರೆದಳು. ಜಾಣತನವೆಂದೇ ಅವಳಿಗೆ ಆಗ ಅನ್ನಿಸಿತ್ತು.

ಸಾಕು ಎಂದು ಹೇಳಬೇಕಾದ ಅಣ್ಣ ಹೇಳದೆಯೇ ಹೋದ. ಅವನು ಹೋಗಿ ಹನ್ನೆರಡು ವರ್ಷ. ಆಮೇಲೆ ಹೇಳುವ ಹಕ್ಕು ಡಲ್ಸಿಗೆ ಬಂತು. ಅವಳೂ ಹೇಳಲಿಲ್ಲ. ಕೇಳಿದವರಿಗೆ ನಮ್ಮ ಪದ್ಧತಿ ಅನ್ನುತ್ತಿದ್ದಳು. ನಿಜ ಬೇರೆಯಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನ ಮುಖ ನೆನಪಿತ್ತು, ಕೈ ನೆನಪಿತ್ತು, ಬೆವರಿನ ವಾಸನೆ ಕೂಡ ನೆನಪಿತ್ತು. ದನಿ ಮರೆತುಹೋಗಿತ್ತು. ಹಡೆದವಳ ದನಿ ಮರೆತ ಮಗಳು ಎಂಥವಳು ಎಂದು ಅವಳಿಗೆ ನಾಚಿಕೆ. ಕ್ಯಾಸೆಟ್ಟು ಡಬ್ಬದಲ್ಲಿರುವವರೆಗೆ ಆ ನಾಚಿಕೆಗೆ ಒಂದು ಸಮಾಧಾನವಿತ್ತು: ಯಾವತ್ತಾದರೂ ಕೇಳಬಹುದು.

ಈಗ ಆ ದನಿ ನಾಲ್ಕು ಮಾರಿನ ಚಾಪೆಯೊಳಗೆ ಸುರುಳಿ ಸುತ್ತಿ ಕೂತಿತ್ತು. ಹೆಣೆದವಳು ತಾನೇ ಇರಬಹುದು.

ಮೂವರೂ ಶಾಲೆಗೆ ಓಡಿದರು. ಸಭಾಂಗಣದಲ್ಲಿ ಆಗಲೇ ಹತ್ತು ಹನ್ನೆರಡು ಮಂದಿ ಪೋಷಕರು ಕೊನೆಯ ಸುತ್ತು ಮುಗಿಸಲೆಂದು ಬಂದಿದ್ದರು. ಡಲ್ಸಿ ಯಾರನ್ನೂ ಮಾತಾಡಿಸಲಿಲ್ಲ. ಮಂಡಿಯೂರಿ ಕೂತು ಚಾಪೆಯ ಅಂಚಿನಿಂದ ಬಿಚ್ಚತೊಡಗಿದಳು. ರೊಶೆಲ್ ಮೂಲೆಯ ತೊಟ್ಟಿಯಲ್ಲಿದ್ದ, ಪಟ್ಟಿ ತೆಗೆದ ಕ್ಯಾಸೆಟ್ಟಿನ ಡಬ್ಬಿಗಳನ್ನು ನೆಲಕ್ಕೆ ಸುರಿದು ಒಂದೊಂದಾಗಿ ನೋಡಿದಳು. ಅರ್ಧಕ್ಕರ್ಧ ಆಗಲೇ ಮರುಬಳಕೆಯ ಲಾರಿಯಲ್ಲಿ ಹೋಗಿಬಿಟ್ಟಿತ್ತು.

"ಆಂಟಿ, ತಪ್ಪಾಗಿದ್ಯಾ?" ಎಂದು ಕೇಳಿದ ಒಬ್ಬ ಅಪ್ಪ. ಅವನು ಹೆಣೆದದ್ದೇ ಬಿಚ್ಚಿಕೊಳ್ಳುತ್ತಿತ್ತು.

"ನಿಂದಲ್ಲಪ್ಪ, ನಂದು. ಇದರೊಳಗೆ ನಮ್ಮಮ್ಮನ ದನಿ ಸೇರ್ಕೊಂಡಿದೆ. ಹುಡುಕ್ಬೇಕು."

ಎಲ್ಲ ಪಟ್ಟಿಯೂ ಒಂದೇ ಬಣ್ಣ, ಒಂದೇ ಹೊಳಪು. ಯಾವುದು ಕುದುರೆ ಸವಾರನ ಹಾಡು, ಯಾವುದು ಅಮ್ಮ ಎಂದು ಕಣ್ಣಿಗೆ ತಿಳಿಯುವುದು ಹೇಗೆ? ಇದನ್ನು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಆ ಅಪ್ಪ ಕೋಟು ತೆಗೆದು ಪಕ್ಕದಲ್ಲಿ ಕೂತು ಬಿಚ್ಚತೊಡಗಿದ. ಅವನ ಹಿಂದೆ ಉಳಿದವರೂ ಕೂತರು. ನಾಲ್ಕು ಸಂಜೆ ಬೆನ್ನು ಮುರಿದು ಮಾಡಿದ್ದನ್ನು ಗೊಣಗದೆ ಬಿಚ್ಚಿದರು, ಪಟ್ಟಿ ಹರಿಯದ ಹಾಗೆ ಮೆಲ್ಲಗೆ. ಡಲ್ಸಿಗೆ ಅಳು ಬಂತು. ಈ ಜನರ ಅಜ್ಜಂದಿರೇ ಆ ಅರ್ಜಿಗೆ ಸಹಿ ಹಾಕಿದವರು, ಅದೂ ಅವಳಿಗೆ ಗೊತ್ತು. ಎರಡೂ ನಿಜ, ಏನು ಮಾಡುವುದು?

ಮೂರನೇ ಒಂದು ಭಾಗ ಬಿಚ್ಚಿಯಾದಾಗ ಟ್ರೂಡಿ ಬಂದಳು, ಕೈಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ತಟ್ಟೆ. ಬಾಗಿಲಲ್ಲೇ ನಿಂತಳು.

"ಅಯ್ಯೋ, ಏನ್ರೀ ಮಾಡ್ತಿದೀರಾ? ನಾಳೆ ಸಭೆ!"

ರೊಶೆಲ್ ಹೇಳಿದಳು, ಖಾಲಿ ಎಂದು ಬರೆದ ಕ್ಯಾಸೆಟ್ಟು ಖಾಲಿಯಾಗಿರಲಿಲ್ಲ ಎಂದು.

"ಖಾಲೀದಾ?" ಟ್ರೂಡಿ ತಟ್ಟೆ ಕೆಳಗಿಟ್ಟಳು. "ಖಾಲೀದನ್ನ ನಾನು ಚಾಪೆಗೆ ಕೊಡ್ಲೇ ಇಲ್ವಲ್ಲ! ಖಾಲಿ ಅಂದ್ರೆ ಇನ್ನೂ ಉಪಯೋಗಕ್ಕೆ ಬರುತ್ತೆ. ಉಪಯೋಗಕ್ಕೆ ಬರೋದನ್ನ ಹರಿದು ಹೆಣೀಬಾರ್ದು, ಅದು ತಪ್ಪು. ಎಷ್ಟು ಸಲ ಹೇಳಿದೀನಿ, ಮೊದಲು ಬಳಕೆ, ಆಮೇಲೆ ಮರುಬಳಕೆ. ಖಾಲೀದು ಮೂರಿತ್ತು, ಮೂರನ್ನೂ ಎತ್ತಿಟ್ಟೆ."

ಟ್ರೂಡಿಯ ಪಾಠ ಕೇಳಿ ಆಕಳಿಸದಿದ್ದವರು ಊರಲ್ಲಿ ಇರಲಿಲ್ಲ. ಆ ಗುರುವಾರ ಅವಳ ಒಂದೊಂದು ಮಾತನ್ನೂ ಹನ್ನೆರಡು ಮಂದಿ ಬಾಯಿಬಿಟ್ಟುಕೊಂಡು ಕೇಳಿದರು. ಡಲ್ಸಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು ಟ್ರೂಡಿಯ ಎರಡೂ ಕೆನ್ನೆ ಹಿಡಿದಳು.

"ನಿನ್ನ ಬಾಯಿಗೆ ಬೆಣ್ಣೆ ಹಾಕ ಕಣೇ! ಎಲ್ಲಿಟ್ಟಿದೀಯಾ?"

"ನಮ್ಮ ಮಾವಂಗೆ ಕೊಟ್ಟೆ. ಅವರು ಇನ್ನೂ ರೇಡಿಯೋದಿಂದ ಹಿಡ್ಕೋತಾರಲ್ಲ, ಮಳೆ ಸುದ್ದಿ, ಕುದುರೆ ರೇಸು..."

ಟ್ರೂಡಿಯ ಮಾತು ತಾನಾಗಿಯೇ ನಿಂತಿತು. ಹಿಡಿದುಕೊಳ್ಳುವುದು ಎಂದರೆ ಇದ್ದದ್ದನ್ನು ಅಳಿಸಿ ಮೇಲೆ ತುಂಬುವುದು ಎಂದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು.

"ಯಾವತ್ತು ಕೊಟ್ಟೆ?"

"ಭಾನುವಾರ."

ನಾಲ್ಕು ದಿನ. "ಹೋಗಿ ಆಂಟಿ, ಹೋಗಿ" ಎಂದ ಆ ಅಪ್ಪ. "ಇದನ್ನ ನಾವು ಮತ್ತೆ ಹೆಣೀತೀವಿ. ಬಿಚ್ಚಿ ಹೆಣೆಯೋದು ಹೆಂಗೆ ಅಂತ ನೀವೇ ಚೆನ್ನಾಗಿ ಕಲಿಸಿದೀರಲ್ಲ." ಅವರು ಹೆಣೆದರು. ಶುಕ್ರವಾರ ಚಾಪೆ ಹಾಸಿತ್ತು, ಅಂಚು ಸ್ವಲ್ಪ ಸೊಟ್ಟ, ಮಕ್ಕಳೆಲ್ಲ ಒತ್ತೊತ್ತಾಗಿ ಕೂತರು.

ಟ್ರೂಡಿಯ ಮಾವ ಫೋನು ಎತ್ತುವವನಲ್ಲ. ಹೊಲದ ಮನೆಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ತಾರ್ನಿಯನ್ನೂ ಕರೆದುಕೊಂಡೇ ಹೊರಟರು, ಅವಳು ಬಿಡಲಿಲ್ಲ. ದಾರಿಯಲ್ಲಿ ಟ್ರೂಡಿ ಇನ್ನೊಂದು ಬಾಂಬು ಹಾಕಿದಳು.

"ಮಂಗಳವಾರ ಮಾವ ಆ ಕ್ಯಾಸೆಟ್ ವಿಷ್ಯ ಏನೋ ಹೇಳಿದ್ರು. ನಾನು ಬಿತ್ತನೆಯವರಿಗೆ ಊಟ ಕಟ್ತಾ ಇದ್ದೆ. ಹೂಂ ಅಂದ್ಬಿಟ್ಟೆ."

"ಏನು ಹೇಳಿದ್ರು?"

"ಅದೇ ನೆನಪಾಗ್ತಿಲ್ಲ ಆಂಟಿ."

"ದಿನಾ ನೀನು ಮಾತಾಡ್ತೀಯ, ಊರು ಕೇಳುತ್ತೆ. ಊರು ಒಂದು ಮಾತಾಡಿದ್ರೆ ನಿಂಗೆ ಕಿವಿನೇ ಇಲ್ಲ" ಅಂದಳು ಡಲ್ಸಿ. ಟ್ರೂಡಿ ಮೊದಲ ಬಾರಿಗೆ ಎದುರಾಡದೆ ಕಾರು ಓಡಿಸಿದಳು.

ಡಲ್ಸಿಯ ಎದೆಯಲ್ಲಿ ಇನ್ನೊಂದು ಕಲ್ಲಿತ್ತು. ಆ ಮನೆ ಅವಳಿಗೆ ಗೊತ್ತು. ಒಳಗೆ ಎಂದೂ ಕಾಲಿಟ್ಟಿರಲಿಲ್ಲ, ಆದರೂ ಗೊತ್ತು. ಅಮ್ಮನನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತವರಿಂದ ಕಿತ್ತು ತಂದ ಹುಡುಗಿಯರನ್ನಿಡುವ ಸರಕಾರಿ ಆಶ್ರಮದಿಂದ ಮನೆಗೆಲಸಕ್ಕೆಂದು ಕಳಿಸಿದ್ದು ಬ್ಲೆಂಕಾರ್ನರ ಮನೆಗೆ. ಏಳು ವರ್ಷ ಅಲ್ಲಿ ಒಗೆದಳು, ಬೇಯಿಸಿದಳು, ಅವರ ಮಗುವನ್ನು ಸಾಕಿದಳು. ಮುಂದೆ ಆ ಕಾಲದ ಬಗ್ಗೆ ಬಾಯಿಬಿಡಲಿಲ್ಲ. ಹಿಂದಿನ ಬಾಗಿಲಿಂದ ಹೋಗುತ್ತಿದ್ದೆ, ಹಿಂದಿನ ಬಾಗಿಲಿಂದ ಬರುತ್ತಿದ್ದೆ ಎಂದಷ್ಟೇ ಒಮ್ಮೆ ಹೇಳಿದ್ದಳು. ಟ್ರೂಡಿಗೆ ಇದಾವುದೂ ತಿಳಿಯದು.

ಕಾರು ನಿಂತಾಗ ಟ್ರೂಡಿ ಅಭ್ಯಾಸದಂತೆ ಹಿತ್ತಲ ಕಡೆ ನಡೆದಳು. ಡಲ್ಸಿ ಕದಲಲಿಲ್ಲ.

"ನಾನು ಮುಂದಿನ ಬಾಗಿಲಿಂದ ಬರ್ತೀನಿ."

"ಅಯ್ಯೋ, ಅದನ್ನ ತೆಗೆದು ಎಷ್ಟು ವರ್ಷ ಆಯ್ತೋ ಆಂಟಿ, ಮರ ಉಬ್ಬಿ ಹಿಡ್ಕೊಂಡಿದೆ. ನಾವೆಲ್ಲ ಹಿಂದಿನಿಂದಾನೇ..."

"ನಾನು ಮುಂದಿನ ಬಾಗಿಲಿಂದ ಬರ್ತೀನಿ ಅಂದೆ."

ಟ್ರೂಡಿ ಅವಳ ಮುಖ ನೋಡಿದಳು. ಏನು ಅರ್ಥವಾಯಿತೋ, ಹಿಂದಿನಿಂದ ಒಳಗೆ ಹೋಗಿ ಮುಂಬಾಗಿಲಿನ ಚಿಲಕ ತೆಗೆದಳು. ಅವಳು ಒಳಗಿನಿಂದ ಎಳೆದಳು, ರೊಶೆಲ್ ಹೊರಗಿನಿಂದ ಭುಜ ಕೊಟ್ಟಳು, ತಾರ್ನಿ ಕೂಡ ಒದ್ದಳು. ಬಾಗಿಲು ಕಿರುಗುಟ್ಟಿ ತೆರೆಯಿತು. ಡಲ್ಸಿ ಕಾಲೊರೆಸಿಕೊಂಡು ಒಳಗೆ ಬಂದಳು.

ಮುದುಕ ಕ್ಲೆಮ್ ಬ್ಲೆಂಕಾರ್ನ್ ಬೆಂಕಿಗೂಡಿನ ಪಕ್ಕ ಕೂತಿದ್ದ. ಎಂಬತ್ತೈದು ವರ್ಷ. ಕಾರು ಓಡಿಸುವ ಪರವಾನಗಿ ಹೋದ ಮೇಲೆ ಮನೆ ಬಿಟ್ಟು ಕದಲದವನು. ಡಲ್ಸಿಯನ್ನು ಕಂಡು ಎರಡೂ ಕೈ ಊರಿ ಎದ್ದು ನಿಂತ.

"ನೀನು ಅವಳ ಮಗಳು" ಅಂದ.

ಡಲ್ಸಿ ಅವನ ಆಚೆ ನೋಡಿದಳು. ರೇಡಿಯೋದ ಪಕ್ಕ ಕ್ಯಾಸೆಟ್ಟಿನ ಯಂತ್ರ, ಅದರೊಳಗೆ ಯಾವುದೋ ಸುತ್ತುತ್ತಿತ್ತು. ಮಳೆಯ ಸುದ್ದಿ ಓದುತ್ತಿದ್ದರು.

ಮುದುಕ ಅವಳ ಕಣ್ಣು ಹೋದ ಕಡೆ ನೋಡಿದ. "ಅದಲ್ಲ" ಎಂದು ಯಂತ್ರ ನಿಲ್ಲಿಸಿ, ಕೋಟಿನ ಒಳಜೇಬಿನಿಂದ ಒಗೆದ ಕರವಸ್ತ್ರ ತೆಗೆದ. ಬಿಚ್ಚಿದಾಗ ಅದರೊಳಗೆ ಕ್ಯಾಸೆಟ್ಟು. ಅವಳದೇ ಕೈಬರಹ.

"ಭಾನುವಾರ ಖಾಲಿ ಇದ್ಯಾ ಅಂತ ನೋಡೋಣ ಅಂತ ಹಾಕ್ದೆ. ಒಂದೇ ಮಾತು ಕೇಳ್ದೆ, ನಿಲ್ಲಿಸಿ ಮೊದಲಿಗೇ ಸುತ್ತಿಟ್ಟೆ. ಮಿಕ್ಕಿದ್ದು ನಂದಲ್ಲ. ನಾಲ್ಕು ವರ್ಷದವನಿದ್ದಾಗಿಂದ ಕೇಳಿದ ದನಿ ಅದು. ಯಾವ ಗದ್ದಲದಲ್ಲಿದ್ರೂ ಗುರುತು ಹಿಡೀತೀನಿ." ಕ್ಯಾಸೆಟ್ಟಿನ ಬೆನ್ನಿನ ಅಂಚು ತೋರಿಸಿದ. ಅಲ್ಲಿನ ಎರಡು ಪುಟ್ಟ ಚಕ್ಕೆಗಳನ್ನು ಚಾಕುವಿನಿಂದ ಮುರಿದು ತೆಗೆದಿದ್ದ. "ಇವನ್ನ ಮುರಿದ್ರೆ ಇದರ ಮೇಲೆ ಇನ್ನೊಂದು ಹಿಡಿಯೋಕಾಗಲ್ಲ. ನಂಗೇ ಮರೆವು ಜಾಸ್ತಿ, ನಾನೇ ಮರೆತು ಅಳಿಸ್ಬಿಟ್ರೆ ಅಂತ ಮುರಿದೆ. ಮನೆಯವರನ್ನ ಕರ್ಕೊಂಡು ಬಾ ಅಂತ ಇವಳಿಗೆ ಮಂಗಳವಾರಾನೇ ಹೇಳ್ದೆ."

"ಹೂಂ ಅಂದೆ ಮಾವ" ಅಂದಳು ಟ್ರೂಡಿ, ಸಣ್ಣ ದನಿಯಲ್ಲಿ.

ಡಲ್ಸಿ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತಿರದ ಕುರ್ಚಿಯಲ್ಲಿ ಕೂತಳು. ನಗುವೂ ಅಳುವೂ ಒಟ್ಟಿಗೆ ಬಂದವು. ರೊಶೆಲ್ ಬೆನ್ನು ಸವರಿದಳು.

"ಅವಳ ಹೆಸರು ನಾನು ಎತ್ತಲ್ಲ" ಅಂದ ಕ್ಲೆಮ್. "ನಿಮ್ಮಲ್ಲಿ ಎತ್ತಬಾರ್ದು ಅಂತ ಗೊತ್ತು. ನಮ್ಮಮ್ಮ ಸತ್ತಾಗ ನಂಗೆ ಒಂಬತ್ತು. ಅವತ್ತಿನಿಂದ ಅವಳು ಈ ಮನೇಲಿ ನಮ್ಮಮ್ಮನ ಹೆಸರು ಒಂದು ಸಲಾನೂ ಹೇಳ್ಲಿಲ್ಲ. ಇವಳಿಗೆ ಕರುಳೇ ಇಲ್ಲ ಅನ್ಕೊಂಡೆ. ಹೇಳು, ಹೇಳು ಅಂತ ಕೂಗಾಡ್ದೆ, ಹೊಡೆದೂ ಹೊಡೆದೆ. ಹೇಳ್ಲಿಲ್ಲ. ರೊಟ್ಟಿ ಸುಟ್ಟು ಕೈಗೆ ಕೊಟ್ಲು. ತನ್ನೋರಿಗೆ ಕೊಡೋ ಮರ್ಯಾದೇನೇ ನಮ್ಮಮ್ಮಂಗೂ ಕೊಡ್ತಿದ್ಲು ಅಂತ ತಿಳಿಯೋಕೆ ನಂಗೆ ನಲವತ್ತು ವರ್ಷ ಬೇಕಾಯ್ತು."

ಡಲ್ಸಿ ತಲೆಯೆತ್ತಿದಳು. ಈಗಷ್ಟೇ ನೆಮ್ಮದಿಯಾದ ಜಾಗದಲ್ಲಿ ಒಂದು ಕಿಡಿ ಹಾರಿತು.

"ಇಲ್ಲಿಗೆ ಬಂದಾಗ ಅವಳೂ ಹದಿನಾಲ್ಕು ವರ್ಷದ ಮಗು ಆಗಿದ್ಲು ಕ್ಲೆಮ್. ಅವಳಿಗೂ ಅಮ್ಮ ಬೇಕಿತ್ತು. ನಿಮಗೆ ಅವಳು ಸಿಕ್ಲು. ಅವಳಿಗೆ ಯಾರು ಸಿಕ್ರು?"

"ಯಾರೂ ಇಲ್ಲ" ಅಂದ ಮುದುಕ. "ಆವಾಗ ಅದು ನಂಗೆ ಹೊಳೀಲಿಲ್ಲ. ಈಗ ದಿನಾ ಹೊಳೆಯುತ್ತೆ."

ಅವನು ಕ್ಷಮಿಸು ಅನ್ನಲಿಲ್ಲ, ಅವಳು ಪರವಾಗಿಲ್ಲ ಅನ್ನಲಿಲ್ಲ. ಅನ್ನುವಂಥದ್ದೂ ಅಲ್ಲ. ಟ್ರೂಡಿ ಚಹಾಕ್ಕೆ ನೀರಿಟ್ಟಳು.

"ನಂಗೆ ಅವಳ ದನಿ ಮರೆತುಹೋಗಿದೆ" ಅಂದಳು ಡಲ್ಸಿ. ಹೀಗೆ, ಈ ಮನೆಯಲ್ಲಿ, ಈ ಮುದುಕನ ಮುಂದೆ ಅದು ಬಾಯಿಗೆ ಬಂತು. "ನಿಮಗೆ ನೆನಪಿದೆ, ನಂಗಿಲ್ಲ. ನನ್ನ ಹೊಟ್ಟೆ ಉರೀತಿದೆ, ನಿಜ ಹೇಳ್ತೀನಿ."

"ಅಮ್ಮಾ" ಎಂದಳು ರೊಶೆಲ್. ಇದನ್ನು ಅವಳೂ ಮೊದಲ ಬಾರಿಗೆ ಕೇಳುತ್ತಿದ್ದಳು.

ಕ್ಲೆಮ್ ಯಂತ್ರವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. ತನ್ನ ಕೋಲು ಹುಡುಕಿದ. "ಕೇಳು. ನಾನು ಆಚೆ ಇರ್ತೀನಿ."

ಸಾಕು ಎನ್ನುವ ಹಕ್ಕು ಹನ್ನೆರಡು ವರ್ಷದಿಂದ ಡಲ್ಸಿಯ ಬಳಿಯೇ ಇತ್ತು. ಬೇರೆ ಯಾರೂ ಬಂದು ಹೇಳುವಂತಿರಲಿಲ್ಲ.

"ಕೂತ್ಕೊಳ್ಳಿ" ಅಂದಳು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಮರ್ಟಲ್. ನಮ್ಮಮ್ಮನ ಹೆಸರು ಮರ್ಟಲ್. ಇನ್ಮೇಲೆ ಹೇಳ್ಬಹುದು, ಎಲ್ಲರೂ. ತಾರ್ನಿ, ನೀನು ಹೇಳು ಮಗ."

"ಮರ್ಟಲ್" ಅಂದಳು ತಾರ್ನಿ.

ಮುದುಕ ಕೂತ. ತುಟಿ ಮಾತ್ರ ಆಡಿತು, ದನಿ ಹೊರಡಲಿಲ್ಲ.

ಡಲ್ಸಿ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದಳು. ಮೊದಲು ಬರೀ ಗಾಳಿ. ಕುರ್ಚಿ ಎಳೆದ ಸದ್ದು. ಹಿಡೀತಾ ಇದ್ಯಾ ಎಂದು ಅಣ್ಣ ಕೇಳಿದ್ದು. ಎಲ್ಲೋ ಒಂದು ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಆಮೇಲೆ ಹತ್ತಿರದಲ್ಲೇ, ಪಕ್ಕದ ಕುರ್ಚಿಯಲ್ಲಿ ಕೂತವಳ ಹಾಗೆ, ಒರಟಾಗಿ, ಸ್ವಲ್ಪ ರೇಗಿ, ಒಬ್ಬ ಹೆಂಗಸಿನ ದನಿ:

"ಏ ಡಲ್ಸೀ! ಆ ನಾಯೀನ ಆಚೆ ಅಟ್ಟೇ, ಮಾತಾಡಕ್ಕೇ ಬಿಡ್ತಿಲ್ಲ!"

"ಬಂದೆ ಅಮ್ಮ" ಅಂದಳು ಡಲ್ಸಿ, ಮತ್ತು ಕುರ್ಚಿಯಿಂದ ಎದ್ದುಬಿಟ್ಟಳು.